ಚೀಲ ಹೊತ್ತ ಹುಡುಗನ ತೋಳು: ಲೆಕ್ಕಕ್ಕೆ ಸಿಗದ ಸ್ಯಾಚೆಲ್ ಪೇಜ್

ಅಮೆರಿಕದ ಹಳೆಯ ಬೇಸ್‌ಬಾಲ್ ದಾಖಲೆ ಪುಸ್ತಕದಲ್ಲಿ ಸ್ಯಾಚೆಲ್ ಪೇಜ್ ಎಂಬ ಹೆಸರು ಹುಡುಕಿದರೆ ಒಂದು ಸಣ್ಣ ಲೆಕ್ಕ ಸಿಗುತ್ತಿತ್ತು. ಗೆಲುವು 28, ಸೋಲು 31. ಮೊದಲ ಪಂದ್ಯ 1948ರಲ್ಲಿ, ಕೊನೆಯದು 1965ರಲ್ಲಿ. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಇಂಥ ಲೆಕ್ಕದವರು ನೂರಾರು ಜನ ಬಂದು ಹೋಗಿದ್ದಾರೆ, ಪುಟ ತಿರುಗಿಸಿ ಮುಂದೆ ಹೋಗಬಹುದು ಅನ್ನಿಸುತ್ತದೆ.

ಆದರೆ ಆ ಕಾಲದ ದೊಡ್ಡ ಬ್ಯಾಟ್ಸ್‌ಮನ್ ಜೋ ಡಿಮ್ಯಾಜಿಯೋ, ತಾನು ಎದುರಿಸಿದವರಲ್ಲೆಲ್ಲ ಶ್ರೇಷ್ಠ ಎಸೆತಗಾರ ಇವರೇ ಎಂದಿದ್ದರು. ಹಾಗಾದರೆ ಆ ಶ್ರೇಷ್ಠತೆ ಪುಸ್ತಕದಲ್ಲಿ ಯಾಕಿಲ್ಲ? ಪತ್ರಿಕೋದ್ಯಮ ಓದಿದ ನಮಗೆ ಈ ಪ್ರಶ್ನೆ ಬಿಡಲಿಲ್ಲ. ಬರೆದದ್ದು ಉಳಿಯುತ್ತದೆ, ಬರೆಯದ್ದು ಹೋಗುತ್ತದೆ ಎಂದು ತರಗತಿಯಲ್ಲಿ ಕೇಳಿದ್ದೆವು. ಅದರ ಬೆಲೆ ಎಷ್ಟು ಅನ್ನುವುದು ಈ ಮನುಷ್ಯನ ಕತೆ ಓದಿದಾಗ ಅರ್ಥವಾಯಿತು.

ಮೊದಲು ಆಟದ ಬಗ್ಗೆ ನಾಲ್ಕು ಮಾತು. ಬೇಸ್‌ಬಾಲ್ ನೋಡದವರೂ ಹೆದರಬೇಕಿಲ್ಲ. ಕ್ರಿಕೆಟ್ಟಿನಲ್ಲಿ ಬೌಲರ್ ಇದ್ದ ಹಾಗೆ ಇಲ್ಲಿ ಪಿಚರ್. ಆದರೆ ಓಡಿ ಬಂದು ಎಸೆಯುವ ಹಾಗಿಲ್ಲ. ಒಂದು ದಿಬ್ಬದ ಮೇಲೆ ನಿಂತು, ನೆಲದಲ್ಲಿ ಹೂತ ಪಟ್ಟಿಗೆ ಒಂದು ಕಾಲು ತಾಗಿಸಿಕೊಂಡೇ ಎಸೆಯಬೇಕು. ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ ಹೋಗುತ್ತದೆ. ಬ್ಯಾಟ್ಸ್‌ಮನ್ ನಿಲ್ಲುವ ಜಾಗಕ್ಕೆ ದೂರ 60 ಅಡಿ 6 ಇಂಚು, ಅಂದರೆ ನಮ್ಮ 22 ಗಜದ ಪಿಚ್‌ಗಿಂತ ಐದೂವರೆ ಅಡಿ ಕಡಿಮೆ. ಬ್ಯಾಟ್ಸ್‌ಮನ್ ಮುಂದೆ ನೆಲದಲ್ಲಿ 17 ಇಂಚು ಅಗಲದ ಬಿಳಿ ಹಲಗೆ ಇರುತ್ತದೆ. ಅದಕ್ಕೆ ಪ್ಲೇಟ್ ಅನ್ನುತ್ತಾರೆ. ಅದರ ಮೇಲೆ, ಬ್ಯಾಟ್ಸ್‌ಮನ್ನಿನ ಮೊಣಕಾಲಿನಿಂದ ಎದೆಯ ತನಕದ ಎತ್ತರದಲ್ಲಿ ಚೆಂಡು ಹಾದುಹೋಗಬೇಕು. ಅದನ್ನು ಮೂರು ಸಲ ಹೊಡೆಯಲಾಗದಿದ್ದರೆ ಔಟ್. ಇದಕ್ಕೆ ಸ್ಟ್ರೈಕ್‌ಔಟ್ ಅನ್ನುತ್ತಾರೆ. ಪಿಚರ್ ನಾಲ್ಕು ಸಲ ಆಚೀಚೆ ಎಸೆದರೆ ಬ್ಯಾಟ್ಸ್‌ಮನ್‌ಗೆ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆದು ಹೋಗುವ ಅವಕಾಶ. ಇನ್ನೊಂದು ಮಾತು ನೆನಪಿಡಿ. ಬೇಸ್‌ಬಾಲ್‌ನಲ್ಲಿ ತಂಡದ ಗೆಲುವು ಸೋಲನ್ನು ಒಬ್ಬ ಪಿಚರ್‌ನ ಹೆಸರಿಗೆ ಬರೆಯುತ್ತಾರೆ. ಮೇಲಿನ 28 ಮತ್ತು 31 ಅಂದರೆ ಅದೇ.

ಇನ್ನು ಕತೆಗೆ ಬರೋಣ.

ಅಲಬಾಮಾ ರಾಜ್ಯ ಅಮೆರಿಕದ ದಕ್ಷಿಣದಲ್ಲಿದೆ. ಅಲ್ಲಿನ ಮೊಬೀಲ್ ಎಂಬ ಬಂದರು ಪಟ್ಟಣದಲ್ಲಿ 1906ರ ಜುಲೈ 7ರಂದು ಲೀರಾಯ್ ಪೇಜ್ ಹುಟ್ಟಿದ. ತಾಯಿ ಲೂಲಾ ಬೇರೆಯವರ ಮನೆಯ ಬಟ್ಟೆ ಒಗೆಯುತ್ತಿದ್ದರು. ತಂದೆ ತೋಟದ ಕೆಲಸದವರು. ಮನೆ ತುಂಬ ಮಕ್ಕಳು. ಹುಡುಗ ರೈಲು ನಿಲ್ದಾಣಕ್ಕೆ ಹೋಗಿ ಪ್ರಯಾಣಿಕರ ಚೀಲ ಹೊತ್ತು ಚಿಲ್ಲರೆ ಕಾಸು ಸಂಪಾದಿಸುತ್ತಿದ್ದ. ಒಂದು ಸಲಕ್ಕೆ ಒಂದು ಚೀಲ ಹೊತ್ತರೆ ಏನು ಸಿಕ್ಕೀತು? ಒಂದು ಕೋಲಿಗೆ ಹಗ್ಗ ಕಟ್ಟಿ, ನಾಲ್ಕಾರು ಚೀಲ ನೇತುಹಾಕಿ, ಹೆಗಲ ಮೇಲೆ ಇಟ್ಟುಕೊಂಡು ನಡೆದ. ನಡೆದಾಡುವ ಚೀಲದ ಮರದ ಹಾಗೆ ಕಾಣುತ್ತಾನೆ ಎಂದು ಜೊತೆಯವರು ನಕ್ಕರು. ಸ್ಯಾಚೆಲ್ ಎಂದರೆ ಕೈಚೀಲ. ಹೆಸರು ಅಂಟಿಕೊಂಡಿತು. ಇದು ಪೇಜ್ ಹೇಳುತ್ತಿದ್ದ ಕತೆ. ಅವರ ಬಾಲ್ಯದ ಗೆಳೆಯ ಹೇಳಿದ್ದು ಬೇರೆ: ಯಾರದೋ ಚೀಲ ಎತ್ತಿಕೊಂಡು ಓಡಿ ಸಿಕ್ಕಿಬಿದ್ದದ್ದಕ್ಕೆ ಆ ಹೆಸರು ಬಂತಂತೆ. ಎರಡರಲ್ಲಿ ಯಾವುದು ನಿಜವೋ, ಚೀಲವಂತೂ ನಿಜ.

ಹುಡುಗನಿಗೆ ಕಲ್ಲು ಎಸೆಯುವುದರಲ್ಲಿ ಗುರಿ ಇತ್ತು. ಮಾವಿನ ತೋಪಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಮೊಬೀಲ್‌ನಲ್ಲಿ ಬಿಳಿಯ ಹುಡುಗರಿಗೂ ಕಪ್ಪು ಹುಡುಗರಿಗೂ ಬೀದಿ ಜಗಳಗಳಾಗುತ್ತಿದ್ದವು, ಕಲ್ಲು ಅಲ್ಲಿಯೂ ಹಾರುತ್ತಿತ್ತು. ಶಾಲೆಗೆ ಚಕ್ಕರ್ ಹೊಡೆಯುವುದು ಬೇರೆ. 12ನೇ ವಯಸ್ಸಿಗೆ ಅಂಗಡಿಯಲ್ಲಿ ಆಟಿಕೆ ಉಂಗುರಗಳನ್ನು ಕದ್ದು ಸಿಕ್ಕಿಬಿದ್ದ. ಮೌಂಟ್ ಮೇಗ್ಸ್ ಎಂಬಲ್ಲಿ ಕಪ್ಪು ಮಕ್ಕಳಿಗಾಗಿ ಇದ್ದ ಸುಧಾರಣಾ ಶಾಲೆಗೆ ಕಳಿಸಿದರು. ಶಾಲೆ ಎಂದು ಹೆಸರು, ಹೊರಗೆ ಬರುವ ಹಾಗಿಲ್ಲ. ಬೆರಳೆಣಿಕೆಯ ಉಂಗುರಕ್ಕೆ ಐದು ವರ್ಷಕ್ಕೂ ಹೆಚ್ಚು ಶಿಕ್ಷೆ.

ಅಲ್ಲಿ ಎಡ್ವರ್ಡ್ ಬರ್ಡ್ ಎಂಬ ಕೋಚ್ ಈ ಉದ್ದ ಕೈಕಾಲಿನ ಹುಡುಗನನ್ನು ನೋಡಿದರು. ಎಸೆಯುವ ಮುನ್ನ ಮುಂದಿನ ಕಾಲನ್ನು ಆಕಾಶಕ್ಕೆ ಎತ್ತುವುದನ್ನು ಕಲಿಸಿದರು. ಆ ದೊಡ್ಡ ಪಾದ ಎದುರಿನವನ ಕಣ್ಣಿಗೆ ಅಡ್ಡ ಬರುತ್ತದೆ, ಚೆಂಡು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಕೊನೆಯ ಗಳಿಗೆಯಲ್ಲಿ ಚೆಂಡು ಬಿಡುವುದನ್ನೂ ಕಲಿಸಿದರು. ಮುಂದೆ ಪೇಜ್ ಈ ವರ್ಷಗಳ ಬಗ್ಗೆ ಕಹಿಯಾಗಿ ಮಾತಾಡಲಿಲ್ಲ. ಐದು ವರ್ಷದ ಸ್ವಾತಂತ್ರ್ಯ ಕೊಟ್ಟು ಎಸೆಯುವುದನ್ನು ಕಲಿತೆ ಎಂಬ ಅರ್ಥದಲ್ಲಿ ಹೇಳುತ್ತಿದ್ದರು. ಅದು ಅವರ ದೊಡ್ಡತನ. ಉಂಗುರ ಕದ್ದ ಮಗುವಿಗೆ ಐದು ವರ್ಷ ಹಾಕಿದವರ ಬಗ್ಗೆ ನಮಗೆ ಅಷ್ಟು ದೊಡ್ಡ ಮನಸ್ಸಿಲ್ಲ.

1923ರ ಕೊನೆಗೆ ಬಿಡುಗಡೆ. ಊರಿನ ತಂಡದಲ್ಲಿ ಆಡುತ್ತಾ 1926ರಲ್ಲಿ ಚಟ್ಟನೂಗಾ ಎಂಬ ಊರಿನ ವೃತ್ತಿ ತಂಡ ಸೇರಿದರು. ತಿಂಗಳಿಗೆ 50 ಡಾಲರ್. ಮರುವರ್ಷ ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್ ತಂಡ, 1931ಕ್ಕೆ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್. ಇವೆಲ್ಲ ಕಪ್ಪು ಜನರದೇ ತಂಡಗಳು.

ಯಾಕೆ ಬೇರೆ ತಂಡ ಎಂದು ನೀವು ಕೇಳಬಹುದು. 19ನೇ ಶತಮಾನದಲ್ಲಿ ಕೆಲವು ಕಪ್ಪು ಆಟಗಾರರು ಬಿಳಿಯರ ಜೊತೆ ಆಡಿದ್ದರು. ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬವರು 1884ರಲ್ಲಿ ಟೊಲೆಡೊ ತಂಡದ ಪರ ದೊಡ್ಡ ಲೀಗಿನಲ್ಲಿಯೇ ಆಡಿದ್ದರು. ಆಮೇಲೆ ತಂಡಗಳ ಮಾಲೀಕರು ಒಳಗೊಳಗೇ ಮಾತಾಡಿಕೊಂಡು ಬಾಗಿಲು ಹಾಕಿದರು. ಮೇಜರ್ ಲೀಗಿನ ನಿಯಮ ಪುಸ್ತಕದಲ್ಲಿ ಕಪ್ಪು ಜನರಿಗೆ ಪ್ರವೇಶವಿಲ್ಲ ಎಂದು ಬರೆದಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಡದ ಕಟ್ಟುಪಾಡು ಎಷ್ಟು ಗಟ್ಟಿ ಎಂದು ಹಳ್ಳಿಯಲ್ಲಿ ಇರುವವರಿಗೆ ಯಾರೂ ಕಲಿಸಬೇಕಿಲ್ಲ. ಈ ಕಟ್ಟುಪಾಡು 1947ರ ತನಕ ನಡೆಯಿತು. ಹೊರಗುಳಿದವರು ತಮ್ಮದೇ ಲೀಗ್ ಕಟ್ಟಿಕೊಂಡರು. 1920ರಲ್ಲಿ ಕಾನ್ಸಸ್ ಸಿಟಿಯಲ್ಲಿ ರೂಬ್ ಫಾಸ್ಟರ್ ಎಂಬವರ ಮುಂದಾಳತ್ವದಲ್ಲಿ ಶುರುವಾದದ್ದು ನೀಗ್ರೋ ನ್ಯಾಷನಲ್ ಲೀಗ್. ಆಗಿನ ಹೆಸರು ಅದು.

ಲೀಗ್ ಪಂದ್ಯಗಳಿಂದ ಬರುವ ದುಡ್ಡು ಸಾಲುತ್ತಿರಲಿಲ್ಲ. ಹಾಗಾಗಿ ಈ ತಂಡಗಳು ವರ್ಷವಿಡೀ ಬಸ್ಸಿನಲ್ಲಿ ಊರೂರು ತಿರುಗಿ, ಸಿಕ್ಕಸಿಕ್ಕ ತಂಡದ ಮೇಲೆ ಪಂದ್ಯ ಆಡುತ್ತಿದ್ದವು. ನಮ್ಮಲ್ಲಿ ನಾಟಕ ಕಂಪನಿಗಳು ಕ್ಯಾಂಪ್ ಹಾಕುತ್ತಿದ್ದುದನ್ನು ಹಿರಿಯರು ಹೇಳುತ್ತಾರಲ್ಲ, ಹೆಚ್ಚು ಕಡಿಮೆ ಹಾಗೆ. ಮಧ್ಯಾಹ್ನ ಒಂದು ಊರು, ಸಂಜೆ ಇನ್ನೊಂದು. ಕಾನ್ಸಸ್ ಸಿಟಿ ಮೊನಾರ್ಕ್ಸ್ ತಂಡದ ಮಾಲೀಕ ವಿಲ್ಕಿನ್ಸನ್ 1930ರಲ್ಲಿ ಲಾರಿಗಳ ಮೇಲೆ ದೀಪದ ಕಂಬ, ಜನರೇಟರ್ ಹೇರಿಕೊಂಡು ಹೋಗಿ ರಾತ್ರಿ ಪಂದ್ಯ ಆಡಿಸಿದರು. ಬಿಳಿಯರ ಮೇಜರ್ ಲೀಗಿನಲ್ಲಿ ಹೊನಲು ಬೆಳಕಿನ ಪಂದ್ಯ ಬಂದದ್ದು ಅದಾಗಿ ಐದು ವರ್ಷದ ಮೇಲೆ.

ಆಟ ನೋಡಲು ಬಂದ ಊರಿನಲ್ಲಿಯೇ ಆಟಗಾರರಿಗೆ ಊಟ ಸಿಗುತ್ತಿರಲಿಲ್ಲ. ಹೋಟೆಲುಗಳು ಒಳಗೆ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿಯೇ ಮಲಗಬೇಕು, ಇಲ್ಲ ಕಪ್ಪು ಜನರ ಕೇರಿಯಲ್ಲಿ ಯಾರದಾದರೂ ಮನೆಯಲ್ಲಿ ಉಳಿಯಬೇಕು.

ಪೇಜ್ ಈ ಅಲೆದಾಟದ ರಾಜ. ಪೋಸ್ಟರಿನಲ್ಲಿ ಅವರ ಹೆಸರಿದ್ದರೆ ಟಿಕೆಟ್ ಖಾಲಿ. ಚೆಂಡು ಹೊರಗೆ ಹೋಗುವುದೇ ಇಲ್ಲ ಎಂದು ತಮ್ಮ ತಂಡದ ದೂರದ ಫೀಲ್ಡರ್‌ಗಳನ್ನು ಕರೆದು ಕೂರಿಸಿ, ಬ್ಯಾಟ್ಸ್‌ಮನ್‌ಗಳನ್ನು ಸಾಲಾಗಿ ಔಟ್ ಮಾಡಿದ ಕತೆಗಳಿವೆ. ತಮ್ಮ ಎಸೆತಗಳಿಗೆ ತಾವೇ ಹೆಸರಿಟ್ಟಿದ್ದರು. ಒಂದು ಬೀ ಬಾಲ್, ಜೇನುಹುಳದ ಹಾಗೆ ಗುಂಯ್ ಎನ್ನುತ್ತಾ ಹೋಗುವುದು. ಇನ್ನೊಂದು ಟ್ರಬಲ್ ಬಾಲ್, ಹೆಸರೇ ಹೇಳುತ್ತದೆ. ಎಲ್ಲಕ್ಕಿಂತ ಹೆಸರಾದದ್ದು ತಡೆದು ಬಿಡುವ ಎಸೆತ. ಕೈ ತಿರುಗಿಸಿ, ಕಾಲು ಮುಂದೆ ಇಟ್ಟು, ಒಂದು ಕ್ಷಣ ನಿಂತುಬಿಡುವುದು. ಎದುರಿನವನು ಅಷ್ಟರಲ್ಲಿ ಬ್ಯಾಟ್ ಬೀಸಿಯಾಗಿರುತ್ತದೆ. ಚೆಂಡು ಆಮೇಲೆ ಬರುತ್ತದೆ.

ಇನ್ನೊಂದು ರೀತಿಯ ಸಂಪಾದನೆಯೂ ಇತ್ತು. ನಮ್ಮ ಕಡೆಯ ಟೆನಿಸ್ ಬಾಲ್ ಟೂರ್ನಿಗಳಿಗೆ ಹೊರಗಿನ ಆಟಗಾರರನ್ನು ದುಡ್ಡು ಕೊಟ್ಟು ಕರೆಸುತ್ತಾರಲ್ಲ, ಪೇಜ್ ಅವರನ್ನು ಹಾಗೆ ಕರೆಸುತ್ತಿದ್ದರು. ಕೆಲವೇ ಇನ್ನಿಂಗ್ಸ್ ಎಸೆದು, ಪಾಲು ಇಸಿದುಕೊಂಡು, ಕಾರು ಹತ್ತಿ ಮುಂದಿನ ಊರಿಗೆ. ಅಮೆರಿಕದ ಉತ್ತರ ತುದಿಯ ನಾರ್ತ್ ಡಕೋಟಾ ರಾಜ್ಯದ ಬಿಸ್ಮಾರ್ಕ್ ಪಟ್ಟಣದಲ್ಲಿ ನೀಲ್ ಚರ್ಚಿಲ್ ಎಂಬ ಕಾರು ವ್ಯಾಪಾರಿ ಒಂದು ತಂಡ ಕಟ್ಟಿದ್ದರು. ಕಪ್ಪು, ಬಿಳಿ ಎರಡೂ ಬಣ್ಣದವರು ಒಟ್ಟಿಗೆ ಆಡುವ ತಂಡ. ಪೇಜ್ 1933ರಲ್ಲಿ ಒಮ್ಮೆ, 1935ರಲ್ಲಿ ಮತ್ತೊಮ್ಮೆ ಅಲ್ಲಿಗೆ ಹೋದರು. ಮೈದಾನದಲ್ಲಿ ಬಿಳಿಯರು ಜೊತೆಗೆ ಆಡಿದರು. ಆದರೆ ಊರಿನಲ್ಲಿ ಬಾಡಿಗೆಗೆ ಮನೆ ಸಿಗಲಿಲ್ಲ. ಪೇಜ್ ಮತ್ತು ಅವರ ಹೆಂಡತಿ ರೈಲಿನ ಹಳೆಯ ಗೂಡ್ಸ್ ಬೋಗಿಯಲ್ಲಿ ವಾಸ ಮಾಡಿದರು. ಅದೇ 1935ರಲ್ಲಿ ವಿಚಿಟಾ ನಗರದಲ್ಲಿ ನಡೆದ ರಾಷ್ಟ್ರೀಯ ಟೂರ್ನಿಯನ್ನು ಬಿಸ್ಮಾರ್ಕ್ ಗೆದ್ದಿತು. ಆ ಒಂದು ಟೂರ್ನಿಯಲ್ಲಿ ಪೇಜ್ 60 ಸ್ಟ್ರೈಕ್‌ಔಟ್ ಮಾಡಿದ್ದರು.

ಪೇಜ್ ದೇವರೇನಲ್ಲ. ಒಪ್ಪಂದಕ್ಕೆ ಸಹಿ ಹಾಕಿ ಹೆಚ್ಚು ದುಡ್ಡು ಕೊಡುವವರು ಬಂದರೆ ಎದ್ದು ಹೋಗುತ್ತಿದ್ದರು. ಪಂದ್ಯಕ್ಕೆ ತಡವಾಗಿ ಬರುವುದು ಮಾಮೂಲು. ಉಳಿದವರು ಬಸ್ಸಿನಲ್ಲಿ ಕುಕ್ಕರಿಸಿಕೊಂಡು ಹೋದರೆ ಇವರು ಸ್ವಂತ ಕಾರಿನಲ್ಲಿ ಬರುತ್ತಿದ್ದರು, ಅದರ ಬಗ್ಗೆ ಜೊತೆಯವರಲ್ಲಿ ಗೊಣಗಾಟವಿತ್ತು. 1937ರಲ್ಲಂತೂ ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿಬಿಟ್ಟರು. ಅಲ್ಲಿನ ಸರ್ವಾಧಿಕಾರಿ ರಫಾಯೆಲ್ ತ್ರುಹಿಯೋ ರಾಜಧಾನಿಗೆ ತನ್ನದೇ ಹೆಸರಿಟ್ಟುಕೊಂಡಿದ್ದ. ಆ ಹೆಸರಿನ ತಂಡ ಸೋಲಬಾರದು. ಅವನ ಕಡೆಯವರು ಪೇಜ್ ಮತ್ತು ಜೊತೆಗಾರರಿಗೆಂದು 30,000 ಡಾಲರ್ ಕೊಟ್ಟರು. ಪೇಜ್ ಜೊತೆಗೆ ಜಾಶ್ ಗಿಬ್ಸನ್, ಕೂಲ್ ಪಾಪಾ ಬೆಲ್ ಅವರಂಥ ದೊಡ್ಡ ಆಟಗಾರರೂ ಹೋದರು. ತಂಡ ಗೆದ್ದಿತು. ಮೈದಾನದ ಸುತ್ತ ಬಂದೂಕು ಹಿಡಿದ ಸೈನಿಕರು ನಿಂತಿದ್ದರು, ಸೋತಿದ್ದರೆ ಜೀವಂತ ಮರಳುತ್ತಿದ್ದೆವೋ ಇಲ್ಲವೋ ಎಂದು ಪೇಜ್ ಮುಂದೆ ನಗುತ್ತಾ ಹೇಳಿಕೊಂಡು ತಿರುಗಿದರು. ಊರಿಗೆ ಬಂದರೆ ಲೀಗ್ ನಿಷೇಧ ಹಾಕಿತ್ತು.

ಇದನ್ನು ದುರಾಸೆ ಎಂದು ಬರೆದವರಿದ್ದಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ದೇಶದ ದೊಡ್ಡ ಬಾಗಿಲೇ ಮುಚ್ಚಿರುವಾಗ ಒಬ್ಬ ಕೂಲಿಕಾರನ ಬಳಿ ಇರುವುದು ತೋಳು ಒಂದೇ. ಅದಕ್ಕೆ ಯಾರು ಹೆಚ್ಚು ಕೊಡುತ್ತಾರೋ ಅಲ್ಲಿಗೆ ಹೋದರು.

ಆ ತೋಳೂ 1938ರಲ್ಲಿ ಕೈಕೊಟ್ಟಿತು. ಮೆಕ್ಸಿಕೋದಲ್ಲಿ ಆಡುತ್ತಿದ್ದಾಗ ಬಲಗೈ ಎತ್ತಲಾರದಷ್ಟು ನೋವು. ಇನ್ನು ಮುಂದೆ ಎಸೆಯಲಾಗದು ಎಂದರು ವೈದ್ಯರು. ವಯಸ್ಸು 32. ಓದು ಇಲ್ಲ, ಬೇರೆ ಕಸುಬು ಇಲ್ಲ. ಆಗ ಕೈಹಿಡಿದವರು ಲಾರಿ ದೀಪದ ಆ ವಿಲ್ಕಿನ್ಸನ್. ಮೊನಾರ್ಕ್ಸ್‌ನ ಎರಡನೇ ದರ್ಜೆಯ ತಂಡವೊಂದನ್ನು ಊರೂರು ಸುತ್ತಲು ಕಳಿಸಿದರು, ಅದರಲ್ಲಿ ಪೇಜ್ ಹೆಸರು ಮುಂದೆ. ಸಣ್ಣ ಊರಿನ ಜನ ಹೆಸರು ನೋಡಿ ಬರುತ್ತಿದ್ದರು. ಪೇಜ್ ನಿಧಾನಕ್ಕೆ, ಮಕ್ಕಳಿಗೆ ಎಸೆದ ಹಾಗೆ ಎಸೆಯುತ್ತಿದ್ದರು. ಊರಿನ ಹುಡುಗರು ಹೊಡೆದು ಬಾರಿಸುತ್ತಿದ್ದರು. ಮಾಲೀಕನಿಗೆ ಕರುಣೆಯೂ ಇತ್ತು, ವ್ಯಾಪಾರವೂ ಇತ್ತು ಅನ್ನಿ. ಆದರೆ 1939ರಲ್ಲಿ ನೋವು ಹೋಯಿತು. ಹಳೆಯ ವೇಗ ಮರಳಿ ಬಂತು. ವೇಗವಿಲ್ಲದ ದಿನಗಳಲ್ಲಿ ಕಲಿತ ತಿರುವು, ಮೋಸಗಳೂ ಈಗ ಕೈಯಲ್ಲಿದ್ದವು.

1942ರ ಸೆಪ್ಟೆಂಬರ್‌ನಲ್ಲಿ ನೀಗ್ರೋ ಲೀಗುಗಳ ವಿಶ್ವ ಸರಣಿ. ಎದುರು ತಂಡದಲ್ಲಿ ಹಳೆಯ ಗೆಳೆಯ ಜಾಶ್ ಗಿಬ್ಸನ್, ಆ ಲೀಗುಗಳ ಅತಿ ದೊಡ್ಡ ಹೊಡೆತಗಾರ. ಎರಡನೇ ಪಂದ್ಯದಲ್ಲಿ ಮೂರೂ ಬೇಸ್‌ಗಳಲ್ಲಿ ಎದುರಾಳಿಗಳು ನಿಂತಿದ್ದಾಗ ಗಿಬ್ಸನ್ ಬ್ಯಾಟ್ ಹಿಡಿದು ಬಂದರು. ಪೇಜ್ ಮೂರೇ ಎಸೆತದಲ್ಲಿ ಔಟ್ ಮಾಡಿದರು. ಪೇಜ್ ಹೇಳುತ್ತಿದ್ದ ಕತೆ ಇನ್ನೂ ರಂಗಾಗಿದೆ: ಗಿಬ್ಸನ್ ಅವರನ್ನೇ ಎದುರಿಸಬೇಕೆಂದು ಬೇಕಂತಲೇ ಹಿಂದಿನವರಿಗೆ ಪುಕ್ಕಟೆ ಬೇಸ್ ಕೊಟ್ಟೆ, ಪ್ರತಿ ಎಸೆತಕ್ಕೂ ಮುಂಚೆ ಎಲ್ಲಿ ಎಸೆಯುತ್ತೇನೆಂದು ಹೇಳಿಯೇ ಎಸೆದೆ ಎಂದು. ಆ ದಿನಗಳ ಪತ್ರಿಕಾ ವರದಿಗಳಲ್ಲಿ ಪುಕ್ಕಟೆ ಬೇಸ್ ಕೊಟ್ಟ ಮಾತಿಲ್ಲ. ಔಟ್ ಆದದ್ದು ಮಾತ್ರ ಇದೆ. ಇಂಥ ಜಾಗದಲ್ಲಿ ಕತೆಗಾರನ ಮೇಲೆ ಸಿಟ್ಟು ಬರುವುದಿಲ್ಲ. ಲೆಕ್ಕ ಬರೆದಿಡುವವರು ಇಲ್ಲದ ಕಡೆ ಮನುಷ್ಯ ತನ್ನ ಲೆಕ್ಕ ತಾನೇ ಹೇಳಿಕೊಳ್ಳುತ್ತಾನೆ, ಹೇಳುತ್ತಾ ಹೇಳುತ್ತಾ ಅದು ಸ್ವಲ್ಪ ಬೆಳೆಯುತ್ತದೆ. ತಾನು 2,500 ಪಂದ್ಯದಲ್ಲಿ ಎಸೆದು 2,000 ಗೆದ್ದಿರಬಹುದು ಎನ್ನುತ್ತಿದ್ದರು ಪೇಜ್.

ವಯಸ್ಸಿನದೂ ಹಾಗೆಯೇ. ಹುಟ್ಟಿದ ದಿನ ಬರೆದಿಟ್ಟಿದ್ದ ಮನೆಯ ಬೈಬಲನ್ನು ಮೇಕೆ ತಿಂದುಬಿಟ್ಟಿತು ಎಂಬುದು ಅವರ ಉತ್ತರ. ಮೊಬೀಲ್‌ನ ಸರ್ಕಾರಿ ದಾಖಲೆಯಲ್ಲಿ ಜನನ ದಿನಾಂಕ ಸರಿಯಾಗಿಯೇ ಇತ್ತು. ಆದರೆ ಮೇಕೆಯ ಕತೆ ಜನಕ್ಕೆ ಇಷ್ಟ, ಜನ ಬಂದರೆ ಟಿಕೆಟ್ ಮಾರಾಟ.

1945ರಲ್ಲಿ ಪೇಜ್ ಆಡುತ್ತಿದ್ದ ಮೊನಾರ್ಕ್ಸ್ ತಂಡಕ್ಕೆ ಒಬ್ಬ ಹೊಸಬ ಬಂದಿದ್ದ. ಕಾಲೇಜು ಓದಿದವನು, ಸೈನ್ಯದಲ್ಲಿ ಅಧಿಕಾರಿಯಾಗಿದ್ದವನು, 26 ವರ್ಷ. ಹೆಸರು ಜಾಕಿ ರಾಬಿನ್ಸನ್. ಅದೇ ಅಕ್ಟೋಬರ್‌ನಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಬ್ರಾಂಚ್ ರಿಕಿ ಆ ಹುಡುಗನನ್ನು ಆರಿಸಿಕೊಂಡರು. 1947ರ ಏಪ್ರಿಲ್ 15ರಂದು ರಾಬಿನ್ಸನ್ ಬಿಳಿಯರ ಮೇಜರ್ ಲೀಗಿನಲ್ಲಿ ಮೈದಾನಕ್ಕೆ ಇಳಿದರು. ಕಟ್ಟುಪಾಡು ಮುರಿಯಿತು. ದೇಶದ ಚರಿತ್ರೆಯಲ್ಲಿ ಅದು ದೊಡ್ಡ ದಿನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೇಜ್ ಅವರ ಕಡೆಯಿಂದ ಒಮ್ಮೆ ನೋಡಿ. ಇಪ್ಪತ್ತು ವರ್ಷ ಊರೂರು ತಿರುಗಿ, ಬಿಳಿಯರ ಹೆಸರಾಂತ ಆಟಗಾರರ ಎದುರು ಪ್ರದರ್ಶನ ಪಂದ್ಯಗಳಲ್ಲಿ ಎಸೆದು, ಕಪ್ಪು ಜನರ ಆಟ ಎಂಥದೆಂದು ದೇಶಕ್ಕೆ ತೋರಿಸಿದವರು ಅವರು. ಮೊದಲಿಗ ತಾನಾಗಬೇಕಿತ್ತು ಎಂಬ ನೋವು ಅವರಿಗೆ ಕೊನೆಯವರೆಗೂ ಇತ್ತು, ಆತ್ಮಕತೆಯಲ್ಲಿ ಅದನ್ನು ಮುಚ್ಚಿಡಲಿಲ್ಲ. ರಿಕಿಗೆ ಬೇಕಿದ್ದದ್ದು ಚಿಕ್ಕ ವಯಸ್ಸಿನ, ಓದಿದ, ಬೈಗುಳ ತಿಂದರೂ ಸುಮ್ಮನಿರಬಲ್ಲ ಆಟಗಾರ. ಪೇಜ್‌ಗೆ ಆಗಲೇ 39. ಅವರನ್ನು ಅಷ್ಟು ವರ್ಷ ಹೊರಗೆ ನಿಲ್ಲಿಸಿದ ಮೇಲೆ, ನಿನಗೆ ವಯಸ್ಸಾಯಿತು ಎಂದ ಹಾಗಾಯಿತು.

1948ರ ಜುಲೈ 7ರಂದು, ಸರಿಯಾಗಿ 42 ತುಂಬಿದ ದಿನ, ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ತಂಡದ ಮಾಲೀಕ ಬಿಲ್ ವೀಕ್ ಪೇಜ್ ಜೊತೆ ಒಪ್ಪಂದ ಮಾಡಿಕೊಂಡರು. ಅದಕ್ಕೆ ಮುಂಚೆ ಪರೀಕ್ಷೆ ನಡೆದಿತ್ತು. ಪ್ಲೇಟ್ ಬದಲು ಒಂದು ಸಿಗರೇಟ್ ಇಟ್ಟು ಅದರ ಮೇಲೆ ಎಸೆಸಿದರೆಂದು ಕತೆ. ಸಿಗರೇಟಿನ ಮಾತು ಏನೇ ಇರಲಿ, ತಂಡದ ನಾಯಕನೂ ತರಬೇತುದಾರನೂ ಆಗಿದ್ದ ಲೂ ಬೂಡ್ರೋ ಸ್ವತಃ ಬ್ಯಾಟ್ ಹಿಡಿದು ನೋಡಿ, ಹೊಡೆಯಲಾಗದೆ ಒಪ್ಪಿಕೊಂಡರು. ಬೇಸ್‌ಬಾಲ್ ಪತ್ರಿಕೆಗಳಲ್ಲೇ ದೊಡ್ಡದಾದ ಸ್ಪೋರ್ಟಿಂಗ್ ನ್ಯೂಸ್‌ನ ಸಂಪಾದಕ ಟೇಲರ್ ಸ್ಪಿಂಕ್ ಇದನ್ನು ಪ್ರಚಾರದ ಗಿಮಿಕ್ ಎಂದು ಬರೆದರು, ಪೇಜ್ ಬಿಳಿಯನಾಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ ಎಂದರು. ಬಿಳಿಯನಾಗಿದ್ದರೆ 25 ವರ್ಷ ಮೊದಲೇ ಇಲ್ಲಿರುತ್ತಿದ್ದ ಎಂಬುದು ವೀಕ್ ಕೊಟ್ಟ ಉತ್ತರ.

ಜನ ಏನಂದರು ಎನ್ನುವುದಕ್ಕೆ ಲೆಕ್ಕವಿದೆ, ಈ ಸಲ ಟಿಕೆಟ್ ಲೆಕ್ಕ ಬರೆದಿಟ್ಟಿದ್ದಾರೆ. ಪೇಜ್ ಪಂದ್ಯ ಶುರು ಮಾಡಿದ ಮೊದಲ ದಿನ, ಆಗಸ್ಟ್ 3ರಂದು, ಕ್ಲೀವ್‌ಲ್ಯಾಂಡ್ ಮೈದಾನದಲ್ಲಿ 72,434 ಜನ. ಹತ್ತು ದಿನದ ನಂತರ ಷಿಕಾಗೋದಲ್ಲಿ 51,013. ಮತ್ತೆ ಆಗಸ್ಟ್ 20ರಂದು ಕ್ಲೀವ್‌ಲ್ಯಾಂಡ್‌ನಲ್ಲಿ 78,382. ಈ ಕೊನೆಯ ಎರಡು ಪಂದ್ಯಗಳಲ್ಲಿ ಎದುರಾಳಿಗೆ ಒಂದೇ ಒಂದು ರನ್ ಕೊಡಲಿಲ್ಲ. ತಡೆದು ಬಿಡುವ ಆ ಎಸೆತ ಮಾತ್ರ ಅಧಿಕಾರಿಗಳಿಗೆ ಸರಿಬರಲಿಲ್ಲ, ಲೀಗ್ ಅಧ್ಯಕ್ಷರು ಅದು ನಿಯಮಬಾಹಿರ ಎಂದರು. ಆದರೂ ಆ ಅರ್ಧ ಸೀಸನ್ನಿನಲ್ಲಿ 6 ಗೆಲುವು, 1 ಸೋಲು. ಕ್ಲೀವ್‌ಲ್ಯಾಂಡ್ ವಿಶ್ವ ಸರಣಿ ಗೆದ್ದಿತು. ಸರಣಿಯಲ್ಲಿ ಪೇಜ್‌ಗೆ ಸಿಕ್ಕಿದ್ದು ಒಂದು ಇನ್ನಿಂಗ್ಸ್‌ನ ಮೂರರಲ್ಲಿ ಎರಡು ಪಾಲು ಮಾತ್ರ, ಅದೂ ಸೋಲುತ್ತಿದ್ದ ಐದನೇ ಪಂದ್ಯದಲ್ಲಿ. ಹಾಗಿದ್ದರೂ ವಿಶ್ವ ಸರಣಿಯಲ್ಲಿ ಎಸೆದ ಮೊದಲ ಕಪ್ಪು ಪಿಚರ್ ಎಂಬ ಸಾಲು ಅವರ ಹೆಸರಿಗೆ ಬಂತು.

ಆಮೇಲಿನದ್ದು ಬೇಗ ಹೇಳಿ ಮುಗಿಸುತ್ತೇವೆ. 1951ರಿಂದ 1953ರ ತನಕ ಸೇಂಟ್ ಲೂಯಿಸ್ ಬ್ರೌನ್ಸ್ ಎಂಬ ಬಡ ತಂಡದಲ್ಲಿ ಆಡಿದರು. ಗೆಲ್ಲುವುದೇ ಅಪರೂಪವಾಗಿದ್ದ ತಂಡ ಅದು. 28ಕ್ಕೆ 31 ಎಂಬ ಲೆಕ್ಕದಲ್ಲಿ ಸೋಲು ಹೆಚ್ಚಾಗಲು ಅದೂ ಕಾರಣ. ಆದರೂ 1952 ಮತ್ತು 1953ರಲ್ಲಿ ಆಲ್ ಸ್ಟಾರ್ ತಂಡಕ್ಕೆ ಆಯ್ಕೆಯಾದರು, 46 ದಾಟಿದ ಮೇಲೆ.

1965ರ ಸೆಪ್ಟೆಂಬರ್ 25ರಂದು ಕಾನ್ಸಸ್ ಸಿಟಿ ಅಥ್ಲೆಟಿಕ್ಸ್ ತಂಡದ ಮಾಲೀಕ ಚಾರ್ಲಿ ಫಿನ್ಲಿ ಟಿಕೆಟ್ ಮಾರಲು ಒಂದು ಉಪಾಯ ಮಾಡಿದರು. 59 ವರ್ಷದ ಪೇಜ್ ಅವರನ್ನು ಕರೆಸಿದರು. ಮೈದಾನದ ಬದಿಯಲ್ಲಿ ತೂಗುಕುರ್ಚಿ, ಪಕ್ಕದಲ್ಲಿ ಒಬ್ಬ ನರ್ಸ್. ನಗಲೆಂದೇ ಮಾಡಿದ್ದು. ಪೇಜ್ ಎದ್ದು ಹೋಗಿ ಬಾಸ್ಟನ್ ರೆಡ್ ಸಾಕ್ಸ್ ವಿರುದ್ಧ ಮೂರು ಇನ್ನಿಂಗ್ಸ್ ಎಸೆದರು. ರನ್ ಇಲ್ಲ. ಕಾರ್ಲ್ ಯಾಸ್ಟ್ರೆಮ್‌ಸ್ಕಿ ಒಬ್ಬರೇ ಒಂದು ಹೊಡೆತ ಹೊಡೆದರು. ಮೈದಾನದ ದೀಪ ಆರಿಸಿ, ಬಂದ ಒಂಬತ್ತು ಸಾವಿರ ಜನ ಬೆಂಕಿಕಡ್ಡಿ ಗೀರಿ, ಹಾಡು ಹೇಳಿ ಬೀಳ್ಕೊಟ್ಟರು. ಮೇಜರ್ ಲೀಗಿನಲ್ಲಿ ಆಡಿದ ಅತಿ ಹಿರಿಯ ಆಟಗಾರ ಎಂಬ ದಾಖಲೆ ಇನ್ನೂ ಅವರದೇ.

ಈ ದೃಶ್ಯವನ್ನು ಎಲ್ಲರೂ ಪ್ರೀತಿಯಿಂದ ಹೇಳುತ್ತಾರೆ. 59ರಲ್ಲೂ ಎಸೆದ ಅಜ್ಜ! ನಮಗೂ ಓದುವಾಗ ಮೈ ಜುಮ್ಮೆಂದಿತು. ಆದರೆ ಇನ್ನೊಂದು ಸಂಗತಿ ಇದೆ, ಅದನ್ನು ಹೇಳುವವರು ಕಡಿಮೆ. ಮೇಜರ್ ಲೀಗಿನ ಪಿಂಚಣಿಗೆ ಐದು ವರ್ಷದ ಸೇವೆ ಬೇಕಿತ್ತು. 40 ವರ್ಷ ಎಸೆದ ಪೇಜ್‌ಗೆ 158 ದಿನ ಕಡಿಮೆ ಬಿತ್ತು. ಕಪ್ಪು ಜನರ ಲೀಗಿನ ವರ್ಷಗಳು ಸೇವೆಗೆ ಸೇರುವುದಿಲ್ಲ. ತಂಡಗಳ ಬಾಗಿಲು ತಟ್ಟಿದರು. ಕೊನೆಗೆ 1968ರಲ್ಲಿ ಅಟ್ಲಾಂಟಾ ಬ್ರೇವ್ಸ್ ತಂಡ ಅವರನ್ನು ಪಟ್ಟಿಗೆ ಸೇರಿಸಿಕೊಂಡು ಆ ದಿನಗಳನ್ನು ತುಂಬಿಸಿಕೊಟ್ಟಿತು. ತೂಗುಕುರ್ಚಿಯಲ್ಲಿ ಕೂತಿದ್ದ ಆ ಅಜ್ಜನಿಗೆ ಪಿಂಚಣಿ ಇರಲಿಲ್ಲ ಎಂದು ಗೊತ್ತಾದ ಮೇಲೆ ಆ ಚಿತ್ರ ಮೊದಲಿನ ಹಾಗೆ ಕಾಣುವುದಿಲ್ಲ.

ಬೇಸ್‌ಬಾಲ್‌ನ ಗೌರವ ಭವನ, ಹಾಲ್ ಆಫ್ ಫೇಮ್, ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿದೆ. 1966ರಲ್ಲಿ ಟೆಡ್ ವಿಲಿಯಮ್ಸ್ ಎಂಬ ಬಿಳಿಯ ಮಹಾನ್ ಬ್ಯಾಟ್ಸ್‌ಮನ್ ತಮ್ಮ ಸನ್ಮಾನದ ದಿನ, ಪೇಜ್ ಮತ್ತು ಗಿಬ್ಸನ್ ಹೆಸರೂ ಇಲ್ಲಿರಬೇಕು, ಅವಕಾಶ ಸಿಗದ್ದಷ್ಟೇ ಅವರ ತಪ್ಪು ಎಂಬ ಅರ್ಥದಲ್ಲಿ ಮಾತಾಡಿದರು. ಗಿಬ್ಸನ್ 1947ರ ಜನವರಿಯಲ್ಲಿ, ರಾಬಿನ್ಸನ್ ಮೈದಾನಕ್ಕಿಳಿಯುವ ಮೂರು ತಿಂಗಳ ಮೊದಲು, 35ನೇ ವಯಸ್ಸಿಗೇ ತೀರಿಕೊಂಡಿದ್ದರು. 1971ರಲ್ಲಿ ಒಂದು ಸಮಿತಿ ಪೇಜ್ ಅವರನ್ನು ಆರಿಸಿತು. ಆದರೆ ಮೊದಲು ಬಂದ ಸುದ್ದಿ ಏನು ಗೊತ್ತೇ? ಕಪ್ಪು ಲೀಗಿನವರ ಫಲಕಗಳನ್ನು ಬೇರೆ ಜಾಗದಲ್ಲಿ ಇಡುತ್ತಾರಂತೆ. ಸತ್ತ ಮೇಲೂ ಬೇರೆ ಸ್ಮಶಾನ ಎಂದ ಹಾಗೆ. ಗಲಾಟೆಯಾಯಿತು, ಪತ್ರಿಕೆಗಳು ಬರೆದವು, ನಿರ್ಧಾರ ಬದಲಾಯಿತು. ಆಗಸ್ಟ್ 9ರಂದು ಪೇಜ್ ಎಲ್ಲರ ಸಾಲಿನಲ್ಲೇ ಸೇರಿದರು.

ಆ ಸಮಿತಿಯಲ್ಲಿ ವೆಂಡೆಲ್ ಸ್ಮಿತ್, ಸ್ಯಾಮ್ ಲೇಸಿ ಎಂಬ ಕಪ್ಪು ಪತ್ರಕರ್ತರೂ ಇದ್ದರು. ಇವರ ಬಗ್ಗೆ ನಾವು ಸ್ವಲ್ಪ ನಿಂತು ಹೇಳಲೇಬೇಕು. ಬಿಳಿಯರ ದೊಡ್ಡ ಪತ್ರಿಕೆಗಳು ಕಪ್ಪು ತಂಡಗಳ ಪಂದ್ಯವನ್ನು ಹೆಚ್ಚಾಗಿ ವರದಿ ಮಾಡುತ್ತಲೇ ಇರಲಿಲ್ಲ. ಮಾಡಿದರೂ ಮೂಲೆಯಲ್ಲಿ ನಾಲ್ಕು ಸಾಲು. ಪಿಟ್ಸ್‌ಬರ್ಗ್ ಕೊರಿಯರ್, ಷಿಕಾಗೋ ಡಿಫೆಂಡರ್ ಮೊದಲಾದ ಕಪ್ಪು ಜನರ ವಾರಪತ್ರಿಕೆಗಳು ಮಾತ್ರ ಸ್ಕೋರನ್ನು ಅಚ್ಚು ಹಾಕಿದವು. ಯಾರು ಎಸೆದರು, ಎಷ್ಟು ಔಟ್, ಎಷ್ಟು ಹೊಡೆತ, ಸಣ್ಣ ಅಕ್ಷರದ ಪೆಟ್ಟಿಗೆಯಲ್ಲಿ. ಸ್ಮಿತ್ ಕೊರಿಯರ್‌ನಲ್ಲಿ ವರ್ಷಗಟ್ಟಲೆ ಕಟ್ಟುಪಾಡಿನ ವಿರುದ್ಧ ಬರೆದರು, ರಾಬಿನ್ಸನ್ ಹೆಸರನ್ನು ರಿಕಿಗೆ ಹೇಳಿದವರಲ್ಲಿ ಅವರೊಬ್ಬರು. ಅಷ್ಟಾದರೂ ಎಷ್ಟೋ ಮೈದಾನಗಳಲ್ಲಿ ಪತ್ರಕರ್ತರ ಕೋಣೆಗೆ ಅವರಿಗೇ ಪ್ರವೇಶವಿರಲಿಲ್ಲ. ಪ್ರೇಕ್ಷಕರ ಮಧ್ಯೆ ಕೂತು ಬರೆಯಬೇಕಿತ್ತು.

ಪೇಜ್ 1982ರ ಜೂನ್ 8ರಂದು ಕಾನ್ಸಸ್ ಸಿಟಿಯ ತಮ್ಮ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮೂರು ದಿನ ಮುಂಚೆ ಅದೇ ಊರಿನಲ್ಲಿ ಅವರ ಹೆಸರಿನ ಮೈದಾನವೊಂದರ ಸಮಾರಂಭಕ್ಕೆ ಹೋಗಿ ಬಂದಿದ್ದರು.

ಅವರು ಹೋದ ಮೇಲೂ ಲೆಕ್ಕ ನಿಲ್ಲಲಿಲ್ಲ. ಸಂಶೋಧಕರು, ಹವ್ಯಾಸಿಗಳು ಆ ವಾರಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಒಂದೊಂದಾಗಿ ತಿರುವಿ, ಸಣ್ಣ ಅಕ್ಷರದ ಆ ಪೆಟ್ಟಿಗೆಗಳನ್ನು ಹೆಕ್ಕಿ ಕೂಡಿಸಿದರು. ವರ್ಷಗಟ್ಟಲೆ ನಡೆದ ಕೆಲಸ. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಸಂಸ್ಥೆ, 1920ರಿಂದ 1948ರವರೆಗಿನ ಕಪ್ಪು ಲೀಗುಗಳೂ ಮೇಜರ್ ಲೀಗುಗಳೇ ಎಂದು ಒಪ್ಪಿತು. 2024ರ ಮೇ ತಿಂಗಳಲ್ಲಿ ಆ ಅಂಕಿಗಳು ಅಧಿಕೃತ ಪುಸ್ತಕಕ್ಕೆ ಸೇರಿದವು. ಅದರೊಂದಿಗೆ ಜಾಶ್ ಗಿಬ್ಸನ್ ಇಡೀ ಬೇಸ್‌ಬಾಲ್ ಚರಿತ್ರೆಯಲ್ಲೇ ಅತಿ ಹೆಚ್ಚು ಬ್ಯಾಟಿಂಗ್ ಸರಾಸರಿಯವರಾದರು, ಸತ್ತು 77 ವರ್ಷಕ್ಕೆ. ಪೇಜ್ ಹೆಸರಿನ ಮುಂದೆಯೂ 28 ಮತ್ತು 31 ಇದ್ದ ಸಾಲು ಹೋಗಿ, ಬರ್ಮಿಂಗ್‌ಹ್ಯಾಮ್, ಪಿಟ್ಸ್‌ಬರ್ಗ್, ಕಾನ್ಸಸ್ ಸಿಟಿ ಕಾಲದ ಸಾಲುಗಳು ಬಂದವು.

ಎಲ್ಲ ಸಿಕ್ಕಿಲ್ಲ. ಸಿಕ್ಕಿರುವುದು ಸುಮಾರು ನಾಲ್ಕರಲ್ಲಿ ಮೂರು ಪಾಲು, ಅದೂ ಲೀಗ್ ಪಂದ್ಯಗಳದು ಮಾತ್ರ. ಊರೂರು ತಿರುಗಿ ಆಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ನೋವಿನ ಕೈಯಲ್ಲಿ ಸಣ್ಣ ಊರುಗಳಲ್ಲಿ ನಿಧಾನಕ್ಕೆ ಎಸೆದದ್ದು ಅದರಲ್ಲಿಲ್ಲ. ಗೂಡ್ಸ್ ಬೋಗಿಯಲ್ಲಿ ಮಲಗೆದ್ದು ಆಡಿದ ಬಿಸ್ಮಾರ್ಕ್ ಸೀಸನ್ ಇಲ್ಲ. ವಿಚಿಟಾದ ಆ 60 ಸ್ಟ್ರೈಕ್‌ಔಟ್‌ಗಳೂ ಇಲ್ಲ.